ಸೆಲ್ ಬದಲಿಸಿದರೆ ರೇಡಿಯೊ ಗಡಿಯಾರ 12:00ಕ್ಕೆ ಹೋಗುವುದೇಕೆ? ಒಳಗಿನ ಬಟನ್ ಸೆಲ್ ಬಗ್ಗೆ ನಿಜ–ಸುಳ್ಳು

ಮೊಬೈಲ್ ಎಲ್ಲರ ಕೈಯಲ್ಲಿದ್ದರೂ ಕೋಲಾರ ಜಿಲ್ಲೆಯಲ್ಲಿ ರೇಡಿಯೊ ಇನ್ನೂ ಮೂಲೆ ಸೇರಿಲ್ಲ. ಶ್ರೀನಿವಾಸಪುರದ ಮಾವಿನ ತೋಪು ಕಾಯುವವರ ಗುಡಿಸಲಲ್ಲಿ, ಮುಳಬಾಗಿಲಿನ ಟೀ ಅಂಗಡಿಯಲ್ಲಿ, ಮಾಲೂರಿನ ಇಟ್ಟಿಗೆ ಗೂಡುಗಳ ಹತ್ತಿರ ಅದು ಈಗಲೂ ಮಾತಾಡುತ್ತಿರುತ್ತದೆ. ಹಳೆಯ ಮುಳ್ಳಿನ ರೇಡಿಯೊ ಜಾಗಕ್ಕೆ ಅನೇಕ ಕಡೆ ಅಂಕಿ ತೋರಿಸುವ ಡಿಜಿಟಲ್ ರೇಡಿಯೊ ಬಂದಿದೆ. ಅದರಲ್ಲಿ ಗಡಿಯಾರವಿದೆ, ಅಲಾರಂ ಇದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ಎದ್ದು ಮೋಟಾರ್ ಹಾಕಬೇಕಾದವರಿಗೆ, ಬೆಳಗಿನ ಜಾವ ಟೊಮೆಟೊ ಬಾಕ್ಸ್‌ಗಳನ್ನು ಕೋಲಾರದ ಎಪಿಎಂಸಿಗೆ ಸಾಗಿಸುವವರಿಗೆ ಅಲಾರಂ ಕೈಕೊಟ್ಟರೆ ಆ ದಿನದ ಕೆಲಸವೇ ಕೆಟ್ಟಿತು.

ಇಂಥ ರೇಡಿಯೊ ಬಗ್ಗೆ ಮೂರು ಮಾತುಗಳು ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ.

ಒಂದು: ಸೆಲ್ ಬದಲಿಸಿದಾಗ ಗಡಿಯಾರ 12:00 ಅಥವಾ 0:00ಕ್ಕೆ ಹೋದರೆ ರೇಡಿಯೊ ಕೆಟ್ಟಿದೆ ಎಂದರ್ಥ.

ಎರಡು: ಖಾಲಿಯಾದ ಸೆಲ್ಲನ್ನು ಬಿಸಿಲಿಗೆ ಇಟ್ಟರೆ ಮತ್ತೆ ಚಾರ್ಜ್ ಆಗುತ್ತದೆ.

ಮೂರು: ಮಗು ಬಟನ್ ಸೆಲ್ ನುಂಗಿದರೆ ಬಾಳೆಹಣ್ಣು ತಿನ್ನಿಸಿ, ಮಾರನೇ ದಿನ ತಾನೇ ಹೊರಗೆ ಬರುತ್ತದೆ.

ಮೊದಲನೆಯದು ಹೆಚ್ಚಿನ ಸಲ ಸುಳ್ಳು. ಎರಡನೆಯದರಲ್ಲಿ ಒಂದಿಷ್ಟು ನಿಜವಿದೆ, ಆದರೆ ಬಟನ್ ಸೆಲ್ಲಿಗೆ ಅದು ಹೊಂದುವುದಿಲ್ಲ. ಮೂರನೆಯದು ಸುಳ್ಳು ಮಾತ್ರವಲ್ಲ, ಮಗುವಿನ ಜೀವ ತೆಗೆಯಬಲ್ಲದು. ಒಂದೊಂದಾಗಿ ನೋಡೋಣ.

ಗಡಿಯಾರಕ್ಕೆ ಬೇರೆ ಸೆಲ್ ಏಕೆ?

ರೇಡಿಯೊ ಹಾಡಲು ಬೇಕಾದ ವಿದ್ಯುತ್ತು ಹಿಂಬದಿಯ ದೊಡ್ಡ ಸೆಲ್ ಅಥವಾ ಪೆನ್ಸಿಲ್ ಸೆಲ್‌ಗಳಿಂದ ಬರುತ್ತದೆ. ಸ್ವಿಚ್ ಆಫ್ ಮಾಡಿದರೆ ಹಾಡು ನಿಲ್ಲುತ್ತದೆ. ಗಡಿಯಾರ ನಿಲ್ಲುವಂತಿಲ್ಲ, ಅದು ಹಗಲೂ ರಾತ್ರಿ ಎಣಿಸುತ್ತಲೇ ಇರಬೇಕು.

ಈ ಎಣಿಕೆ ಮಾಡುವುದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೊಳವೆಯೊಳಗಿನ ಕ್ವಾರ್ಟ್ಜ್ ಹರಳು. ವಿದ್ಯುತ್ ಕೊಟ್ಟರೆ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಅರ್ಧ ಮಾಡುತ್ತಾ ಹೋಗಿ. 15ನೇ ಸಲಕ್ಕೆ ಸರಿಯಾಗಿ 1 ಉಳಿಯುತ್ತದೆ. ಒಳಗಿನ ಚಿಪ್ ಇದೇ ಕೆಲಸ ಮಾಡಿ ಸೆಕೆಂಡಿಗೆ ಒಂದು ಬಡಿತ ಪಡೆಯುತ್ತದೆ, ಅದರಿಂದ ನಿಮಿಷ, ಗಂಟೆ ಲೆಕ್ಕ ಹಾಕುತ್ತದೆ. ನಿಮ್ಮ ಕೈಗಡಿಯಾರ, ಗೋಡೆ ಗಡಿಯಾರಗಳೂ ನಡೆಯುವುದು ಹೀಗೆಯೇ.

ದೊಡ್ಡ ಸೆಲ್‌ಗಳನ್ನು ತೆಗೆದ ಕ್ಷಣ ಈ ಎಣಿಕೆ ನಿಂತುಬಿಡುತ್ತದೆ. ಗಂಟೆ ಎಷ್ಟಾಗಿತ್ತು ಎಂಬುದನ್ನು ಚಿಪ್ ಮರೆಯುತ್ತದೆ. ಹೊಸ ಸೆಲ್ ಹಾಕಿದಾಗ ಮೊದಲಿನಿಂದ ಶುರು ಮಾಡುತ್ತದೆ. ಅದಕ್ಕೇ 12:00. ಇದನ್ನು ತಪ್ಪಿಸಲು ಕೆಲವು ರೇಡಿಯೊಗಳಲ್ಲಿ ಗಡಿಯಾರಕ್ಕೆಂದೇ ಒಂದು ಬಟನ್ ಸೆಲ್ ಇಟ್ಟಿರುತ್ತಾರೆ.

ಕೋಲಾರದವರಿಗೆ ಇದನ್ನು ವಿವರಿಸುವುದು ಸುಲಭ. ನಲ್ಲಿಯಲ್ಲಿ ನೀರು ಬರುವಾಗ ನಲ್ಲಿ ನೀರೇ ಬಳಸುತ್ತೀರಿ. ನಿಂತಾಗ ಮಾತ್ರ ತುಂಬಿಸಿಟ್ಟ ಬಿಂದಿಗೆಗೆ ಕೈ ಹಾಕುತ್ತೀರಿ. ದೊಡ್ಡ ಸೆಲ್ ನಲ್ಲಿ, ಬಟನ್ ಸೆಲ್ ಬಿಂದಿಗೆ. ದೊಡ್ಡ ಸೆಲ್ ಇರುವಷ್ಟು ಕಾಲ ಗಡಿಯಾರ ಸಾಮಾನ್ಯವಾಗಿ ಅದರಿಂದಲೇ ನಡೆಯುತ್ತದೆ. ಅದು ಇಲ್ಲದಾಗ ಬಟನ್ ಸೆಲ್ ಕೈಹಿಡಿಯುತ್ತದೆ. ನಡುವೆ ಡಯೋಡ್ ಎಂಬ ಪುಟ್ಟ ಭಾಗವಿರುತ್ತದೆ. ಬೋರ್‌ವೆಲ್ ಪೈಪಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ವಾಲ್ವ್ ತಡೆಯುತ್ತದಲ್ಲ, ಹಾಗೆ ಇದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಹಾಗಾದರೆ 12:00 ತೋರಿಸಿದರೆ ಏನರ್ಥ?

ಮೂರು ಸಾಧ್ಯತೆಗಳಿವೆ.

ನಿಮ್ಮ ರೇಡಿಯೊದಲ್ಲಿ ಬಟನ್ ಸೆಲ್ಲೇ ಇಲ್ಲದಿರಬಹುದು. ಕಡಿಮೆ ಬೆಲೆಯ ಅನೇಕ ರೇಡಿಯೊಗಳು ಹೀಗಿವೆ. ಕೆಲವುದರಲ್ಲಿ ಅದರ ಬದಲು ಕೆಪಾಸಿಟರ್ ಇರುತ್ತದೆ. ಅದು ಸ್ವಲ್ಪ ಹೊತ್ತು ಮಾತ್ರ ಗಡಿಯಾರವನ್ನು ಹಿಡಿದಿಡುತ್ತದೆ. ಅಷ್ಟರೊಳಗೆ ಹೊಸ ಸೆಲ್ ಹಾಕಿದರೆ ಸಮಯ ಉಳಿಯುತ್ತದೆ, ತಡವಾದರೆ ಹೋಗುತ್ತದೆ. ಇನ್ನು ಬಟನ್ ಸೆಲ್ ಇದ್ದೂ ಅದು ಖಾಲಿಯಾಗಿರಬಹುದು. ಈ ಮೂರರಲ್ಲಿ ಯಾವುದೂ ರೇಡಿಯೊ ಕೆಟ್ಟಿರುವ ಲಕ್ಷಣವಲ್ಲ. ಸ್ಟೇಷನ್ ಸ್ಪಷ್ಟವಾಗಿ ಕೇಳಿಸುತ್ತಿದೆ, ಗಡಿಯಾರ ಮಾತ್ರ ಮರೆಯುತ್ತಿದೆ ಎಂದಾದರೆ ಹೊಸ ರೇಡಿಯೊ ಕೊಳ್ಳುವ ಅಗತ್ಯವಿಲ್ಲ.

ಬಟನ್ ಸೆಲ್ ಎಷ್ಟು ದಿನ ಬಾಳುತ್ತದೆ? ಸಾಮಾನ್ಯವಾಗಿ ಬಳಸುವ ಸಿಆರ್2032 ಸೆಲ್ಲಿನ ಸಾಮರ್ಥ್ಯ ಸುಮಾರು 220 ಮಿಲಿಆಂಪ್ ಗಂಟೆ. ಗಡಿಯಾರದ ಚಿಪ್ 5 ಮೈಕ್ರೊಆಂಪ್ ಎಳೆಯುತ್ತದೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ 44,000 ಗಂಟೆ, ಅಂದರೆ ಸುಮಾರು 5 ವರ್ಷ. ಇದು ಬಟನ್ ಸೆಲ್ ಒಂದರಿಂದಲೇ ಗಡಿಯಾರ ನಡೆದರೆ ಬರುವ ಲೆಕ್ಕ. ದೊಡ್ಡ ಸೆಲ್ ಯಾವಾಗಲೂ ಇದ್ದರೆ ಇನ್ನೂ ಹೆಚ್ಚು ಬಾಳುತ್ತದೆ. ದೊಡ್ಡ ಸೆಲ್ ತೆಗೆದು ರೇಡಿಯೊವನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಇಟ್ಟರೆ ಬಿಂದಿಗೆ ನಿಧಾನವಾಗಿ ಖಾಲಿಯಾಗುತ್ತದೆ.

ಹಾಗೆಂದು ಗಡಿಯಾರ ನಡೆಯಲಿ ಅಂತ ಸತ್ತ ದೊಡ್ಡ ಸೆಲ್‌ಗಳನ್ನು ಒಳಗೇ ಬಿಡಬೇಡಿ. ಅವು ಸೋರಿ ಸ್ಪ್ರಿಂಗುಗಳಿಗೆ ತುಕ್ಕು ಹಿಡಿಸುತ್ತವೆ. ಬಟನ್ ಸೆಲ್ಲಿಗಿಂತ ಹೆಚ್ಚು ರೇಡಿಯೊಗಳನ್ನು ಕೆಡಿಸುವುದು ಈ ಸೋರಿಕೆಯೇ.

ಗೋಡೆಗೆ ಪ್ಲಗ್ ಹಾಕುವ ರೇಡಿಯೊ ಗಡಿಯಾರದ ಕಥೆ ಸ್ವಲ್ಪ ಬೇರೆ. ಅವುಗಳಲ್ಲಿ ಅನೇಕವು ಕ್ವಾರ್ಟ್ಜ್ ಬದಲು ನಮ್ಮ ಕರೆಂಟಿನ ಸೆಕೆಂಡಿಗೆ 50 ಆವರ್ತನಗಳನ್ನೇ ಎಣಿಸುತ್ತವೆ. ಕರೆಂಟ್ ಹೋದಾಗ 9 ವೋಲ್ಟ್‌ನ ಚೌಕಾಕಾರದ ಬ್ಯಾಟರಿಯಿಂದ, ಅಷ್ಟೇನೂ ನಿಖರವಲ್ಲದ ಒಂದು ಒಳ ಸರ್ಕ್ಯೂಟಿನ ಸಹಾಯದಿಂದ ಅಂದಾಜಿನ ಮೇಲೆ ನಡೆಯುತ್ತವೆ. ದೀರ್ಘ ಪವರ್ ಕಟ್ ಆದ ಮೇಲೆ ಅಂಥ ಗಡಿಯಾರ ಕೆಲವು ನಿಮಿಷ ಹಿಂದೆ ಅಥವಾ ಮುಂದೆ ಇದ್ದರೆ ಕಾರಣ ಇದು.

ಬಿಸಿಲಿಗೆ ಇಟ್ಟರೆ ಸೆಲ್ ಚಾರ್ಜ್ ಆಗುತ್ತದೆಯೇ?

ಟಾರ್ಚ್ ಸೆಲ್ಲುಗಳನ್ನು ಅಂಗಳದ ಬಿಸಿಲಲ್ಲಿ ಸಾಲಾಗಿ ಇಟ್ಟಿದ್ದನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದೇವೆ. ಹಾಗೆ ಇಟ್ಟ ಸೆಲ್ ಸಂಜೆ ಸ್ವಲ್ಪ ಹೊತ್ತು ಉರಿಯುವುದೂ ನಿಜ. ಆದರೆ ಅದು ಚಾರ್ಜ್ ಅಲ್ಲ. ಶಾಖದಿಂದ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ವಿಶ್ರಾಂತಿಯಿಂದಲೂ ಸೆಲ್ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ತಳದಲ್ಲಿ ಉಳಿದಿದ್ದನ್ನು ಕೆರೆದು ತೆಗೆದಂತೆ ಅಷ್ಟೇ, ಹೊಸದಾಗಿ ಏನೂ ತುಂಬುವುದಿಲ್ಲ.

ಲಿಥಿಯಂ ಬಟನ್ ಸೆಲ್ಲಿಗೆ ಈ ಉಪಾಯ ಬೇಡವೇ ಬೇಡ. ಅದನ್ನು ಬಿಸಿ ಮಾಡಿದರೆ, ಬೆಂಕಿಗೆ ಹಾಕಿದರೆ, ಚಾರ್ಜರಿಗೆ ಜೋಡಿಸಿದರೆ ಉಬ್ಬಿ ಸಿಡಿಯಬಹುದು. ಸಿಆರ್ ಎಂದು ಶುರುವಾಗುವ ಸೆಲ್ ಒಂದೇ ಸಲದ ಬಳಕೆಗೆ. ಚಾರ್ಜ್ ಆಗಬಲ್ಲ ಬಟನ್ ಸೆಲ್‌ಗಳೂ ಇವೆ. ಅವುಗಳ ಹೆಸರು ಎಲ್‌ಐಆರ್, ಎಂಎಲ್ ಅಥವಾ ವಿಎಲ್ ಎಂದು ಶುರುವಾಗುತ್ತದೆ. ಅಂಥದ್ದಿದ್ದ ಜಾಗಕ್ಕೆ ಸಿಆರ್ ಹಾಕಬಾರದು, ಸಿಆರ್ ಇದ್ದ ಜಾಗಕ್ಕೆ ಅವನ್ನೂ ಹಾಕಬಾರದು. ನೋಡಲು ಒಂದೇ ಥರ ಇರುತ್ತವೆ, ಆದ್ದರಿಂದ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಿ.

ಬದಲಿಸುವುದು ಹೇಗೆ?

ಹಳೆಯ ಸೆಲ್ಲಿನ ಚಪ್ಪಟೆ ಮುಖದ ಮೇಲೆ ಅದರ ಹೆಸರು ಮತ್ತು ಪ್ಲಸ್ ಗುರುತು ಇರುತ್ತದೆ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ಆದರೆ 2.5 ಮಿಲಿಮೀಟರ್ ದಪ್ಪ. ಎರಡೂ 3 ವೋಲ್ಟ್. ದಪ್ಪ ಬೇರೆಯಾದರೆ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಅದೇ ಸಂಖ್ಯೆಯದನ್ನು ತನ್ನಿ. ವಾಚ್ ರಿಪೇರಿ ಅಂಗಡಿ, ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ.

ಹೆಚ್ಚಿನ ರೇಡಿಯೊಗಳಲ್ಲಿ ದೊಡ್ಡ ಸೆಲ್ ಒಳಗಿರುವಾಗಲೇ ಬಟನ್ ಸೆಲ್ ಬದಲಿಸಿದರೆ ಸಮಯ ಅಳಿಯುವುದಿಲ್ಲ. ಆಗ ಗಡಿಯಾರ ನಲ್ಲಿ ನೀರಿನ ಮೇಲೆ ಇರುತ್ತದೆ. ಎರಡನ್ನೂ ಒಟ್ಟಿಗೆ ತೆಗೆಯಬೇಡಿ. ರೇಡಿಯೊ ಜೊತೆ ಬಂದ ಕೈಪಿಡಿಯಲ್ಲಿ ಬೇರೆ ರೀತಿ ಹೇಳಿದ್ದರೆ ಅದನ್ನೇ ಅನುಸರಿಸಿ. ಲೋಹದ ಚಿಮಟದಿಂದ ಸೆಲ್ಲಿನ ಎರಡೂ ಮುಖ ಹಿಡಿದರೆ ಶಾರ್ಟ್ ಆಗುತ್ತದೆ, ಒಣ ಬಟ್ಟೆಯಿಂದ ಅಂಚನ್ನು ಹಿಡಿಯಿರಿ. ಸೆಲ್ಲನ್ನು ಬೋರ್ಡಿಗೆ ಬೆಸುಗೆ ಹಾಕಿದ್ದರೆ ರಿಪೇರಿ ಮಾಡುವವರಿಗೆ ಬಿಟ್ಟುಬಿಡಿ. ಜೀವ ಇದೆಯೋ ಇಲ್ಲವೋ ಎಂದು ನಾಲಿಗೆಗೆ ತಾಗಿಸಿ ನೋಡಬೇಡಿ. ಮಲ್ಟಿಮೀಟರಿನಲ್ಲಿ ಹೊಸದು 3 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸುತ್ತದೆ. 2.5ಕ್ಕಿಂತ ಕೆಳಗಿದ್ದರೆ ಗಡಿಯಾರದ ಮಟ್ಟಿಗೆ ಅದರ ಕೆಲಸ ಮುಗಿಯಿತು.

ಸಮಯ ಹೊಂದಿಸಲು ಆಕಾಶವಾಣಿಯಲ್ಲಿ ಸುದ್ದಿಗೆ ಮುಂಚೆ ಬರುವ ‘ಪೀಪ್’ ಸದ್ದು ಒಳ್ಳೆಯ ಸಾಧನ. ಬೆಂಗಳೂರು ಆಕಾಶವಾಣಿ ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಜ್. ಅದೇ ಸದ್ದನ್ನು ಮೊಬೈಲ್ ಆ್ಯಪ್‌ನಲ್ಲಿ ಕೇಳಿ ಹೊಂದಿಸಬೇಡಿ, ಇಂಟರ್ನೆಟ್ ಮೂಲಕ ಬರುವಾಗ ತಡವಾಗುತ್ತದೆ. ಹೊಸ ಸೆಲ್ ಹಾಕಿದ ಮೇಲೂ ತಿಂಗಳಿಗೆ ಅರ್ಧ ನಿಮಿಷ, ಒಂದು ನಿಮಿಷ ವ್ಯತ್ಯಾಸ ಬಂದರೆ ಗಾಬರಿ ಬೇಡ. ಸಾಮಾನ್ಯ ಕ್ವಾರ್ಟ್ಜ್ ಹರಳಿಗೆ ಅಷ್ಟು ಸಹಜ.

ಅಲಾರಂ ಸಮಯವನ್ನು ಮತ್ತೊಮ್ಮೆ ಪರೀಕ್ಷಿಸಲು ಮರೆಯಬೇಡಿ. ಕೆಲವು ರೇಡಿಯೊಗಳಲ್ಲಿ ಗಡಿಯಾರ ಸರಿ ಮಾಡಿದರೂ ಅಲಾರಂ ಆಫ್ ಆಗಿಯೇ ಉಳಿದಿರುತ್ತದೆ.

ಈಗ ಹೊರಗೆ ತೆಗೆದ ಸೆಲ್ ಎಲ್ಲಿದೆ?

ಮೇಜಿನ ಮೇಲೆಯೇ? ಕಿಟಕಿ ಅಂಚಿನಲ್ಲೇ? ಈ ಲೇಖನದಲ್ಲಿ ನೀವು ನೆನಪಿಡಲೇಬೇಕಾದ ಭಾಗ ಇಲ್ಲಿಂದ ಶುರು.

20 ಮಿಲಿಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಹೊಳೆಯುತ್ತದೆ, ಕೈಗೆ ನುಣುಪು. ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆಯೂ ಅದೇ.

ನಾಣ್ಯ ನುಂಗಿದ ಮಕ್ಕಳಲ್ಲಿ ಅನೇಕರಿಗೆ ಅದು ತಾನೇ ಹೊರಗೆ ಹೋಗುತ್ತದೆ. ಬಾಳೆಹಣ್ಣಿನ ಸಲಹೆ ಹುಟ್ಟಿದ್ದು ಬಹುಶಃ ಅಲ್ಲಿಂದ. ಆದರೆ ನಾಣ್ಯದಲ್ಲಿ ವಿದ್ಯುತ್ ಇಲ್ಲ, ಸೆಲ್ಲಿನಲ್ಲಿ ಇದೆ. ಅನ್ನನಾಳದ ಒದ್ದೆ ಗೋಡೆಗೆ ತಾಗಿದೊಡನೆ ಸೆಲ್ಲಿನಿಂದ ವಿದ್ಯುತ್ ಹರಿಯುತ್ತದೆ. ಅಲ್ಲಿನ ತೇವ ಒಡೆದು, ಸೆಲ್ಲಿನ ಮೈನಸ್ ಬದಿಯಲ್ಲಿ ಕಾಸ್ಟಿಕ್ ಸೋಡದಂಥ ತೀವ್ರ ಕ್ಷಾರ ಉಂಟಾಗುತ್ತದೆ. ಸೆಲ್ ಸೋರಬೇಕೆಂದೇನಿಲ್ಲ, ಒಡೆಯಬೇಕೆಂದೇನಿಲ್ಲ. ಆ ಕ್ಷಾರ ಮಾಂಸವನ್ನು ಸುಡುತ್ತದೆ. 2 ಗಂಟೆಯೊಳಗೆ ತೀವ್ರ ಸುಟ್ಟಗಾಯ ಆಗಬಹುದು. ಅನ್ನನಾಳ ತೂತಾಗಬಹುದು, ಪಕ್ಕದ ಶ್ವಾಸನಾಳಕ್ಕೆ ಅಥವಾ ದೊಡ್ಡ ರಕ್ತನಾಳಕ್ಕೆ ಗಾಯ ಹರಡಬಹುದು. ಸೆಲ್ ತೆಗೆದ ದಿನಗಳ ನಂತರವೂ ರಕ್ತಸ್ರಾವವಾಗುವ ಅಪಾಯವಿದೆ.

‘ಖಾಲಿ ಸೆಲ್ ತಾನೇ’ ಎಂಬ ಸಮಾಧಾನ ಬೇಡ. ಗಡಿಯಾರ ನಡೆಸಲಾಗದ ಸೆಲ್ಲಿನಲ್ಲೂ ಅನ್ನನಾಳ ಸುಡುವಷ್ಟು ವಿದ್ಯುತ್ ಉಳಿದಿರುತ್ತದೆ.

ಅಮೆರಿಕದಲ್ಲಿ ಒಂದೂವರೆ ವರ್ಷದ ಮಗುವೊಂದು ರಿಮೋಟಿನ ಬಟನ್ ಸೆಲ್ ನುಂಗಿ 2020ರ ಕೊನೆಯಲ್ಲಿ ತೀರಿಕೊಂಡ ಮೇಲೆ, 2022ರಲ್ಲಿ ಅಲ್ಲಿ ‘ರೀಸ್ ಕಾಯ್ದೆ’ ಬಂತು. ಬಟನ್ ಸೆಲ್ ಇರುವ ಗೃಹಬಳಕೆಯ ಉಪಕರಣಗಳ ಮುಚ್ಚಳ ಮಕ್ಕಳ ಕೈಗೆ ಸುಲಭವಾಗಿ ತೆರೆಯದಂತಿರಬೇಕು ಎನ್ನುತ್ತದೆ ಆ ಕಾಯ್ದೆ.

ರೇಡಿಯೊ ಒಂದೇ ಅಲ್ಲ. ಎಫ್‌ಎಂ ಸ್ಪೀಕರ್, ಬಣ್ಣದ ಎಲ್‌ಇಡಿ ಪಟ್ಟಿಗಳ ಜೊತೆ ಬರುವ ತೆಳ್ಳನೆಯ ಕಾರ್ಡಿನಂಥ ರಿಮೋಟಿನಲ್ಲಿ ಹೆಚ್ಚಾಗಿ ಸಿಆರ್2025 ಇರುತ್ತದೆ. ಅದರ ಸೆಲ್ ತಟ್ಟೆಗೆ ಸ್ಕ್ರೂ ಇಲ್ಲದಿದ್ದರೆ ಉಗುರಿನಿಂದ ಎಳೆದರೆ ಸಾಕು, ಸೆಲ್ ಕೈಗೆ ಬರುತ್ತದೆ. ಹಾಡುವ ಆಟಿಕೆ, ತೂಕದ ಯಂತ್ರ, ಬೈಕ್‌–ಕಾರಿನ ಕೀಲಿಗಳಲ್ಲೂ ಬಟನ್ ಸೆಲ್ ಇರುತ್ತದೆ. ಈ ಹೊತ್ತೇ ಒಮ್ಮೆ ಎದ್ದು ನಿಮ್ಮ ಮನೆಯಲ್ಲಿರುವುದನ್ನು ನೋಡಿ. ಮುಚ್ಚಳ ಸಡಿಲವಾಗಿದ್ದರೆ ಗಟ್ಟಿ ಟೇಪ್ ಸುತ್ತಿ.

ಮಗು ನುಂಗಿದರೆ, ಅಥವಾ ನುಂಗಿದ ಅನುಮಾನ ಬಂದರೆ

ಲಕ್ಷಣಕ್ಕಾಗಿ ಕಾಯಬೇಡಿ. ಕೆಲವು ಮಕ್ಕಳಲ್ಲಿ ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು, ವಾಂತಿ, ಕೆಮ್ಮು, ಎದೆನೋವು ಕಾಣಿಸುತ್ತದೆ. ಕೆಲವರಲ್ಲಿ ಆರಂಭದಲ್ಲಿ ಏನೂ ಕಾಣುವುದಿಲ್ಲ.

ತಕ್ಷಣ ಎಕ್ಸ್‌ರೇ ಆಗಬೇಕು. ಸೆಲ್ ಅನ್ನನಾಳದಲ್ಲಿದ್ದರೆ ಎಂಡೋಸ್ಕೊಪಿ ಮೂಲಕ ಆದಷ್ಟು ಬೇಗ ತೆಗೆಯಬೇಕು. ಎಕ್ಸ್‌ರೇಯಲ್ಲಿ ನಾಣ್ಯ ಮತ್ತು ಸೆಲ್ ಎರಡೂ ದುಂಡಗೆ ಕಾಣುತ್ತವೆ. ಸೆಲ್ಲಿನ ಅಂಚಿನಲ್ಲಿ ಸಾಮಾನ್ಯವಾಗಿ ಜೋಡಿ ಉಂಗುರ ಕಾಣಿಸುತ್ತದೆ. ಆದ್ದರಿಂದ ‘ಏನೋ ನುಂಗಿದೆ’ ಎನ್ನದೆ ‘ಬಟನ್ ಸೆಲ್ ಇರಬಹುದು’ ಎಂದೇ ವೈದ್ಯರಿಗೆ ಹೇಳಿ. ಅದೇ ಥರದ ಇನ್ನೊಂದು ಸೆಲ್ ಅಥವಾ ಅದರ ಪ್ಯಾಕೆಟ್ ಇದ್ದರೆ ಜೊತೆಗೆ ಒಯ್ಯಿರಿ.

ಬಾಳೆಹಣ್ಣು, ಅನ್ನದ ಉಂಡೆ, ಹಾಲು, ನೀರು ಕೊಡಬೇಡಿ. ಎಂಡೋಸ್ಕೊಪಿಗೆ ಅರಿವಳಿಕೆ ಕೊಡಬೇಕಾಗುತ್ತದೆ, ಹೊಟ್ಟೆ ತುಂಬಿದ್ದರೆ ತೊಡಕು. ಬೆರಳು ಹಾಕಿ ವಾಂತಿ ಮಾಡಿಸಬೇಡಿ.

ಒಂದೇ ಒಂದು ವಿನಾಯಿತಿ ಜೇನುತುಪ್ಪ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ವೈದ್ಯರು ಹಂದಿಗಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೇನು ಸೆಲ್ಲಿನ ಸುತ್ತ ಪೊರೆಯಂತೆ ಕೂತು ಸುಡುವಿಕೆಯನ್ನು ಕಡಿಮೆ ಮಾಡುವುದು ಕಂಡುಬಂತು. ಮಗುವಿಗೆ 1 ವರ್ಷ ತುಂಬಿದ್ದರೆ, ನುಂಗಿ 12 ಗಂಟೆ ಮೀರಿರದಿದ್ದರೆ, ಮಗು ನುಂಗಬಲ್ಲದಾದರೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನು ಕೊಡಬಹುದು. 6 ಸಲಕ್ಕಿಂತ ಹೆಚ್ಚು ಬೇಡ. 1 ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಜೇನು ಚಿಕಿತ್ಸೆಯಲ್ಲ, ದಾರಿಯ ರಕ್ಷಣೆ ಮಾತ್ರ. ಜೇನು ಹುಡುಕಲು ಅಂಗಡಿಗೆ ಹೋಗಿ ಸಮಯ ಕಳೆಯಬೇಡಿ.

ಮೂಗು ಅಥವಾ ಕಿವಿಯಲ್ಲಿ ಸೆಲ್ ಸಿಕ್ಕಿಕೊಂಡರೂ ಇದೇ ತುರ್ತು. ಕೊಬ್ಬರಿ ಎಣ್ಣೆ, ನೀರು, ಡ್ರಾಪ್ಸ್ ಯಾವುದನ್ನೂ ಬಿಡದೆ ನೇರವಾಗಿ ಕಿವಿ–ಮೂಗು–ಗಂಟಲು ವೈದ್ಯರ ಬಳಿಗೆ ಹೋಗಿ.

ಈಗ ಗಡಿಯಾರದ ಲೆಕ್ಕ ಹಾಕಿ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳಿಂದ ಕೋಲಾರ ಸುಮಾರು 25ರಿಂದ 30 ಕಿಲೋಮೀಟರ್. ಒಳ ಹಳ್ಳಿಯಾದರೆ ಇನ್ನೂ ಹೆಚ್ಚು. ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿಂದ ಬೆಂಗಳೂರಿಗೆ ಹೋಗಬೇಕಾಗಿ ಬಂದರೆ ಮತ್ತೆ ಸುಮಾರು 70 ಕಿಲೋಮೀಟರ್. ಮನೆಯಲ್ಲಿ ಬಾಳೆಹಣ್ಣು ತಿನ್ನಿಸಿ ಒಂದು ಗಂಟೆ ಕಾದರೆ ಆ 2 ಗಂಟೆ ದಾರಿಯಲ್ಲೇ ಮುಗಿದುಹೋಗುತ್ತದೆ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹೊರಡಿ. ದಾರಿಯಲ್ಲೇ ಆಸ್ಪತ್ರೆಗೆ ಫೋನ್ ಮಾಡಿ, ಮಕ್ಕಳಿಗೆ ಎಂಡೋಸ್ಕೊಪಿ ಮಾಡುವ ವ್ಯವಸ್ಥೆ ಈಗ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಎಲ್ಲಿಗೆ ಹೋಗಬೇಕೆಂದು ಅವರಿಂದಲೇ ತಿಳಿದುಕೊಳ್ಳಿ.

ಹಳೆಯ ಸೆಲ್ಲನ್ನು ಏನು ಮಾಡುವುದು?

ತೆಗೆದ ಕೂಡಲೇ ಎರಡೂ ಮುಖಕ್ಕೆ ಸೆಲ್ಲೋ ಟೇಪ್ ಅಂಟಿಸಿ. ಶಾರ್ಟ್ ಆಗುವುದಿಲ್ಲ, ಹೊಳೆಯುವುದೂ ಇಲ್ಲ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಹೊಸ ಸೆಲ್‌ಗಳನ್ನೂ ಹಾಗೆಯೇ ಇಡಿ. ಒಲೆಗೆ, ಕಸದ ಬೆಂಕಿಗೆ ಹಾಕಬೇಡಿ. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಉಳಿದ ಕಸದ ಜೊತೆ ಬೆರೆಸುವಂತಿಲ್ಲ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಬೇರೆಯಾಗಿ ಕೊಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ರೇಡಿಯೊ ಗಡಿಯಾರ 12:00ಕ್ಕೆ ಹೋದರೆ ರೇಡಿಯೊ ಕೆಟ್ಟಿಲ್ಲ. ಒಳಗಿನ ಬಟನ್ ಸೆಲ್ ಖಾಲಿಯಾಗಿರಬಹುದು, ಅಥವಾ ಇಲ್ಲದೆಯೇ ಇರಬಹುದು.

• ಅದೇ ಸಂಖ್ಯೆಯ ಹೊಸ ಸೆಲ್ ಹಾಕಿ. ಬಿಸಿಲಿಗಿಡಬೇಡಿ, ಚಾರ್ಜ್ ಮಾಡಬೇಡಿ.

• ತೆಗೆದ ಸೆಲ್ಲಿಗೆ ಟೇಪ್ ಅಂಟಿಸಿ, ಮೇಲೆ ಎತ್ತಿಡಿ.

• ಮಗು ನುಂಗಿದ ಅನುಮಾನ ಬಂದರೆ ಬಾಳೆಹಣ್ಣು ಬೇಡ, ವಾಂತಿ ಬೇಡ, ಕಾಯುವುದು ಬೇಡ. 108ಕ್ಕೆ ಕರೆ ಮಾಡಿ, ಎಕ್ಸ್‌ರೇಗೆ ಹೊರಡಿ.

ಗಡಿಯಾರವನ್ನು ಎಷ್ಟು ಸಲ ಬೇಕಾದರೂ ಮತ್ತೆ ಹೊಂದಿಸಬಹುದು. ಮಗು ಸೆಲ್ ನುಂಗಿದಾಗ ಕಳೆದ ಆ 2 ಗಂಟೆಯನ್ನು ಮಾತ್ರ ಯಾರೂ ಹಿಂದಕ್ಕೆ ತಿರುಗಿಸಲಾರರು.